ಡಾಂಬರಿನಿಂದ ಗುಡ್ಡಕ್ಕೆ, ತಡವಾಗಿ

ನಾನು ಪರದೇಶಕ್ಕೆ ಹೋಗಿ ಬಂದವನು ಎಂದು ಹುಕ್ಕೇರಿಯಲ್ಲಿ ಈಗಲೂ ಕೆಲವರು ಕರೆದು ಚಹಾ ಕುಡಿಸುತ್ತಾರೆ. ಇಂಗ್ಲೆಂಡಿನಾಗ ಏನೇನ್ ನೋಡಿದ್ರಿ ಮಾಸ್ತರ ಎಂದು ಕೇಳುತ್ತಾರೆ. ಕುರಿ ನೋಡಿದೆ, ಕೆಸರು ನೋಡಿದೆ, ನನ್ನ ತಪ್ಪು ನೋಡಿದೆ ಎಂದರೆ ಚೇಷ್ಟೆ ಮಾಡುತ್ತಿದ್ದೇನೆಂದು ನಗುತ್ತಾರೆ. ಚೇಷ್ಟೆಯಲ್ಲ, ಖರೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹತ್ತರಗಿ

ನಾನು ಹುಕ್ಕೇರಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಮನೆ ಮಾತ್ರ ಹತ್ತರಗಿಯಲ್ಲಿ, ಹೆದ್ದಾರಿಗೆ ಕೂಗಳತೆಯ ದೂರ. ಹೆದ್ದಾರಿ ಎಂದರೆ ನನಗೆ ಮೊದಲಿನಿಂದಲೂ ಹುಚ್ಚು ಅಭಿಮಾನ. ಸಪಾಟಾದ ಕರಿ ಡಾಂಬರು, ಬಾಜೂದಲ್ಲಿ ಕಿಲೋಮೀಟರಿನ ಕಲ್ಲು. ಕೈಯಲ್ಲಿ ಗಡಿಯಾರ ಹಿಡಿದು ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಮಕ್ಕಳನ್ನು ಓಡಿಸಿದರೆ ಇಷ್ಟು ನಿಮಿಷ, ಇಷ್ಟು ಸೆಕೆಂಡು ಎಂದು ಎದೆಯುಬ್ಬಿಸಿ ಹೇಳಬಹುದಿತ್ತು. ಹೊಲದ ದಾರಿಯಲ್ಲಿ ಕಲ್ಲೆಲ್ಲಿ? ಅಳತೆ ಇಲ್ಲದ ಓಟ ಓಟವೇ ಅಲ್ಲ ಎಂದು ಬೆತ್ತ ಬೀಸಿಕೊಂಡು ಹೇಳುತ್ತಿದ್ದೆ.

ಕಸ್ತೂರಿ ಆಗ ಒಂಬತ್ತನೆಯ ಇಯತ್ತೆಯ ಹುಡುಗಿ. ಊರು ಗೋಕಾಕ ತಾಲೂಕಿನ ಮಮದಾಪುರ. ಅಲ್ಲಿ ಅಪ್ಪನಿಗೆ ಹೊಲಕ್ಕೆ ಬುತ್ತಿ ಒಯ್ಯುವ ಕೆಲಸ ಅವಳದು. ತಲೆಯ ಮೇಲೆ ಬುತ್ತಿಗಂಟು, ಬರಿಗಾಲು, ಬದುವಿನ ಮೇಲೆ ಓಟ. ರೊಟ್ಟಿ ಆರುವುದರೊಳಗೆ ಮುಟ್ಟಿಸಬೇಕೆಂದು ಓಡಿ ಓಡಿ ಕಾಲು ಪಳಗಿತ್ತು. ಕಲಿಯಲೆಂದು ಹತ್ತರಗಿಯ ಸೋದರಮಾವನ ಮನೆಗೆ ಬಂದಳು, ನನ್ನ ಕಣ್ಣಿಗೆ ಬಿದ್ದಳು. ಅಂಥ ಕಾಲನ್ನು ನಾನು ಮತ್ತೆ ನೋಡಿಲ್ಲ.

ಅವಳನ್ನು ಡಾಂಬರಿಗೆ ಹತ್ತಿಸಿದೆ. ತೆಳು ತಳದ ಕ್ಯಾನ್ವಾಸ್ ಬೂಟು ಹಾಕಿಸಿದೆ. ದಿನಾ ಮುಂಜಾನೆ ಆರು ಕಲ್ಲು ಹೋಗುವುದು, ಆರು ಕಲ್ಲು ಬರುವುದು. ಹಿಂದೆ ನಾನು ಸೈಕಲ್ ಮೇಲೆ, ಬಾಯಲ್ಲಿ ಸೀಟಿ. ಎರಡನೆಯ ವರ್ಷ ನಳಿ ಎಲುಬು, ಅಂದರೆ ಮೊಳಕಾಲಿನ ಕೆಳಗೆ ಮುಂದೆ ಇರುವ ಎಲುಬು, ನೋಯುತ್ತದೆ ಎನ್ನಲು ಶುರು ಮಾಡಿದಳು. ಒಂದು ಸಲ ಅಲ್ಲ, ಮೂರು ವಾರ ಹೇಳಿದಳು. ಮೈಗಳ್ಳತನ ಎಂದೆ. ಜಿಲ್ಲೆಯ ಆಯ್ಕೆಗೆ ಇನ್ನೂ ಎಂಟು ದಿನ ಇರುವಾಗ ನಾಲ್ಕನೆಯ ಕಲ್ಲಿನ ಹತ್ತಿರ ಅವಳು ಒಮ್ಮೆಲೇ ಕುಂತುಬಿಟ್ಟಳು. ಹಸಿ ಕಟ್ಟಿಗೆ ಮುರಿದ ಹಾಗೆ ಸದ್ದಾದದ್ದು ಸೈಕಲ್ ಮೇಲಿದ್ದ ನನಗೂ ಕೇಳಿಸಿತು. ಬಿರುಕು ಬಿಟ್ಟಿದ್ದ ಎಲುಬು ಪೂರ್ತಿ ತುಂಡಾಗಿತ್ತು. ತಿಂಗಳುಗಟ್ಟಲೆ ಆದ ಮೇಲೆ ಪ್ಲಾಸ್ಟರು ಬಿಚ್ಚಿದಾಗ ಎಡಗಾಲು ತುಸು ಸೊಟ್ಟ ಕೂಡಿತ್ತು. ಅವಳ ಓಟ ಅಲ್ಲಿಗೆ ಮುಗಿಯಿತು.

ಹಣೆಬರಹ ಎಂದೆ ಎಲ್ಲರ ಮುಂದೆ. ಹುಡುಗಿಯ ಎಲುಬಿನಲ್ಲೇ ಕಸುವು ಇರಲಿಲ್ಲ ಎಂದೂ ಹೇಳಿದೆ. ಹಾಗೆ ಹೇಳುತ್ತ ಆರು ವರ್ಷ ತಿರುಗಿದೆ.

ಆರನೆಯ ವರ್ಷ ಒಂದು ಸೇವಾಸಂಸ್ಥೆ ನಮ್ಮ ಕಡೆಯ ಐದು ಮಂದಿ ಮಾಸ್ತರರನ್ನು ಒಂದು ತಿಂಗಳು ಇಂಗ್ಲೆಂಡಿಗೆ ಕಳಿಸಿತು. ಅಲ್ಲಿಯ ಸಾಲಿ ನೋಡುವುದು, ಅಲ್ಲಿಯವರ ಮನೆಯಲ್ಲಿ ಒಬ್ಬೊಬ್ಬರಾಗಿ ಇರುವುದು. ನನ್ನ ಹೆಸರು ಪಟ್ಟಿಯಲ್ಲಿ ಹೇಗೆ ಬಂತೋ ಗೊತ್ತಿಲ್ಲ. ಉಳಿದ ನಾಲ್ವರಿಗೆ ಇಂಗ್ಲಿಷ್ ಬರುತ್ತಿತ್ತು, ನನಗೆ ಸೀಟಿ ಊದಲು ಬರುತ್ತಿತ್ತು. ಹೊರಡುವಾಗ ತಾಯಿ ಎರಡು ಮಾತು ತೆಗೆದುಕೊಂಡಳು. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣಬಾರದು, ನೆಲದೊಳಗೆ ಬೆಳೆದ ಗಡ್ಡೆ ತಿನ್ನಬಾರದು. ಆಯ್ತವ್ವಾ ಎಂದು ಕಾಲಿಗೆ ಬಿದ್ದು ಹೊರಟೆ.

ವಿಮಾನ ಇಳಿದ ಊರು

ಗೋಕಾಕಕ್ಕೆ ಹೋಗಿ ಮೂರು ಡಬ್ಬಿ ಕರದಂಟು ತಂದಿದ್ದೆ, ಇರುವ ಮನೆಯವರಿಗೆ ಕೊಡಲೆಂದು. ವಿಮಾನ ಇಳಿದ ಮೇಲೆ ಒಬ್ಬ ಅಧಿಕಾರಿ ನನ್ನ ಚೀಲ ಬಿಚ್ಚಿದ. ಡಬ್ಬಿ ತೆರೆದು ಆ ಕಂದು ಇಟ್ಟಿಗೆಗಳನ್ನು ನೋಡಿದ, ಪೆನ್ನಿನ ತುದಿಯಿಂದ ಒತ್ತಿದ, ಇನ್ನೊಬ್ಬನನ್ನು ಕರೆದ. ಬೆಲ್ಲ, ಉತ್ತತ್ತಿ, ಗೋಡಂಬಿ, ಅಂಟು ಎಂದು ನಾನು ಕನ್ನಡದಲ್ಲಿ, ಮರಾಠಿಯಲ್ಲಿ, ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಕೊನೆಗೆ ಅವನು ತಿಂದು ತೋರಿಸು ಎಂದು ಕೈಸನ್ನೆ ಮಾಡಿದ. ಹಿಂದೆ ನಲವತ್ತು ಜನ ಪಾಳಿ ಹಚ್ಚಿ ನಿಂತಿರುವಾಗ ನಾನು ಅಷ್ಟು ದೊಡ್ಡ ತುಂಡನ್ನು ಅಗಿಯುತ್ತ ನಿಂತೆ. ಕರದಂಟು ಬೇಗ ನುಂಗುವ ವಸ್ತು ಅಲ್ಲ. ಅವರು ನನ್ನ ದವಡೆ ನಿಲ್ಲುವವರೆಗೂ ಕಾದು, ನಾನು ಸಾಯದ್ದನ್ನು ಖಾತ್ರಿ ಮಾಡಿಕೊಂಡು ಬಿಟ್ಟರು.

ಮಾರ್ಗರೆಟ್ ಮನೆ

ನನ್ನ ಪಾಲಿಗೆ ಬಂದದ್ದು ಉತ್ತರದ ಗುಡ್ಡಗಾಡಿನ ಒಂದು ಹಳ್ಳಿ. ಅದರ ಹೆಸರು ನನ್ನ ನಾಲಿಗೆಗೆ ಕೊನೆಯವರೆಗೂ ಹತ್ತಲಿಲ್ಲ. ಮನೆಯೊಡತಿ ಮಾರ್ಗರೆಟ್, ಅರವತ್ತೆಂಟು ವಯಸ್ಸು, ಗಂಡ ತೀರಿಹೋಗಿದ್ದ. ದುಡಿಯುವ ಕಾಲದಲ್ಲಿ ಹಳ್ಳಿಹಳ್ಳಿಗೆ ಟಪಾಲು ಹಂಚಿದವಳು. ಮನೆಯಲ್ಲಿ ಅವಳು ಮತ್ತು ಬೆಸ್ ಎಂಬ ನಾಯಿ. ಆ ಕಡೆಯ ಜನ ಎದುರಾದರೆ ಮೊದಲು ನಾಯಿಯನ್ನು ಮಾತಾಡಿಸುತ್ತಾರೆ, ಆಮೇಲೆ ಹವೆಯ ಬಗ್ಗೆ ಮಾತಾಡುತ್ತಾರೆ, ಹೊತ್ತು ಉಳಿದರೆ ಮನುಷ್ಯನನ್ನು ಕೇಳುತ್ತಾರೆ. ನಮ್ಮಲ್ಲಿ ಬಸ್ಸಿನಲ್ಲಿ ಬಾಜೂ ಕುಂತವನು ಯಾವೂರು, ಯಾರ ಪೈಕಿ, ಪಗಾರ ಎಷ್ಟು ಎಂದು ಮೂರು ನಿಮಿಷದಲ್ಲಿ ತಿಳಿದುಕೊಳ್ಳುತ್ತಾನೆ. ಮಾರ್ಗರೆಟ್ ಹತ್ತು ದಿನವಾದರೂ ನನಗೆ ಮಕ್ಕಳೆಷ್ಟು ಎಂದು ಕೇಳಲಿಲ್ಲ. ಮೊದಮೊದಲು ಸಿಟ್ಟೇ ಬಂತು.

ಜೂನ್ ತಿಂಗಳು. ಅಲ್ಲಿ ಹೊತ್ತು ಮುಳುಗುವುದು ಸುಮಾರು ಹತ್ತು ಗಂಟೆಗೆ. ತಾಯಿಗೆ ಕೊಟ್ಟ ಮೊದಲ ಮಾತು ತಾನಾಗಿ ಉಳಿಯಿತು; ಆರಕ್ಕೊಮ್ಮೆ ಉಂಡು, ಸೂರ್ಯ ಇನ್ನೂ ಇದ್ದಾನಲ್ಲ ಎಂದು ಒಂಬತ್ತಕ್ಕೆ ಮತ್ತೊಮ್ಮೆ ಉಣ್ಣುತ್ತಿದ್ದೆ. ಎರಡನೆಯ ಮಾತು ಕಷ್ಟಕ್ಕೆ ಬಂತು. ಆ ದೇಶದಲ್ಲಿ ಬಟಾಟೆ ಇಲ್ಲದ ತಾಟು ಇಲ್ಲ. ಎರಡು ದಿನ ಬ್ರೆಡ್ಡು ತಿಂದುಕೊಂಡಿದ್ದೆ. ಮೂರನೆಯ ದಿನ ಗುಡ್ಡ ಇಳಿದು ಬಂದವನು ಕಣ್ಣು ಮುಚ್ಚಿ ತಿಂದುಬಿಟ್ಟೆ. ತಾಯಿಗೆ ಈವರೆಗೆ ಹೇಳಿಲ್ಲ.

ಮೊದಲ ಮುಂಜಾನೆ

ಹುಕ್ಕೇರಿಯ ಮರ್ಯಾದೆ ತೋರಿಸೋಣ ಎಂದು ಬಿಳಿ ಪ್ಯಾಂಟು, ಬಿಳಿ ಬೂಟು ಏರಿಸಿ, ಕೊರಳಿಗೆ ಸೀಟಿ ಹಾಕಿಕೊಂಡು ಊರ ಮುಂದಿನ ಡಾಂಬರು ರಸ್ತೆಯಲ್ಲಿ ಓಡಿದೆ. ನನಗಾಗ ನಲವತ್ತಾರು. ಮೆಟ್ಟಿಲು ಇಳಿಯುವಾಗ ಮೊಳಕಾಲು ನೋಯುವುದು ಹಳೆಯ ಕಥೆ, ಆದರೂ ಓಡಿದೆ. ಮಾರ್ಗರೆಟ್ ಗೇಟಿನ ಹತ್ತಿರ ನಿಂತು ನೋಡುತ್ತಿದ್ದಳು. ಅವಳ ಕಾಲಲ್ಲಿ ಮಣ್ಣು ಮೆತ್ತಿದ ಬೂಟು, ತಳದಲ್ಲಿ ಹಲ್ಲು ಹಲ್ಲಾದ ರಬ್ಬರು. ಇನ್ನೊಮ್ಮೆ ಓಡು, ಓಡುವಾಗ ನಿನ್ನ ಕಾಲಿನ ಸದ್ದು ಕೇಳು ಎಂದಳು. ಓಡಿದೆ. ಟಪ್ ಟಪ್ ಟಪ್. ನೀನು ರಸ್ತೆಯನ್ನು ಎಷ್ಟು ಜೋರಾಗಿ ಹೊಡೆಯುತ್ತೀಯೋ ರಸ್ತೆ ಅಷ್ಟೇ ಜೋರಾಗಿ ತಿರುಗಿ ಹೊಡೆಯುತ್ತದೆ ಎಂದಳು.

ಅವಳೂ ಮೂವತ್ತು ವರ್ಷ ರಸ್ತೆಯಲ್ಲೇ ಓಡಿದವಳಂತೆ. ಐವತ್ತೆರಡಕ್ಕೆ ಮೊಳಕಾಲು, ನಳಿ ಎರಡೂ ಕೆಟ್ಟು, ಡಾಕ್ಟರರು ಇನ್ನು ಕುರ್ಚಿಯಲ್ಲಿ ಕೂಡು ಎಂದರಂತೆ. ಕುರ್ಚಿ ಮುದುಕಿಯರಿಗೆ ಎಂದು ಇವಳು ಗುಡ್ಡಕ್ಕೆ ಹೋದಳಂತೆ. ಅಂದಿನಿಂದ ಗುಡ್ಡದಲ್ಲೇ ಓಟ. ಬಾ ಎಂದು ನನ್ನನ್ನೂ ಕರೆದುಕೊಂಡು ಹೊರಟಳು.

ಕಲ್ಲಿನ ಗೋಡೆ, ಅದರಲ್ಲೊಂದು ಕಟ್ಟಿಗೆಯ ಸಣ್ಣ ಬಾಗಿಲು, ಆಚೆ ಕುರಿ ಮೇಯುವ ಹುಲ್ಲು. ಬಾಗಿಲು ಮುಚ್ಚಿದ್ದರೆ ದಾಟಿ ಮುಚ್ಚಬೇಕು, ತೆರೆದಿದ್ದರೆ ತೆರೆದೇ ಬಿಡಬೇಕು. ಪರರ ಹೊಲದಲ್ಲಿ ಓಡುವವರು ಪಾಲಿಸುವ ಕಟ್ಟಳೆ ಅಷ್ಟೇ. ಮೂರನೆಯ ಬಾಗಿಲು ದಾಟಿ ಹಸಿರು ಕಂಡಲ್ಲಿ ನುಗ್ಗಿದೆ. ಅದು ಹುಲ್ಲಲ್ಲ, ಹುಲ್ಲಿನ ವೇಷ ಹಾಕಿದ ಕೆಸರು. ಮೊಳಕಾಲಿನವರೆಗೆ ಹೋದೆ. ಎಳೆದಾಗ ಕಾಲು ಬಂತು, ಬೂಟು ಬರಲಿಲ್ಲ. ಮಾರ್ಗರೆಟ್ ಹೊಟ್ಟೆ ಹಿಡಿದು ನಕ್ಕಳು, ನಾಯಿ ನನ್ನ ಬೂಟನ್ನು ತೋಡಿ ತೆಗೆಯಿತು.

ಗುಡ್ಡದ ಮೇಲೆ

ದಿನಾ ಹೋಗತೊಡಗಿದೆ. ಮೊದಲ ವಾರ ಅವಮಾನವೇ. ಅರವತ್ತೆಂಟರ ಹೆಂಗಸು ಆಡಿನ ಹಾಗೆ ಮೇಲೆ, ಪಿ.ಟಿ. ಮಾಸ್ತರ ಕೆಳಗೆ ಏದುಸಿರು ಬಿಡುತ್ತ. ಎಷ್ಟು ಕಿಲೋಮೀಟರಾಯಿತು ಎಂದು ನಾನು ಕೇಳುವುದು, ಗೊತ್ತಿಲ್ಲ ಎಂದು ಅವಳು ಹೇಳುವುದು. ಗಡಿಯಾರವನ್ನೇ ಕಟ್ಟುತ್ತಿರಲಿಲ್ಲ. ಏರು ಕಡಿದಾದಲ್ಲಿ ಸುಮ್ಮನೆ ನಡೆಯುತ್ತಿದ್ದಳು. ಓಟದಲ್ಲಿ ನಡೆದರೆ ನಾನು ಬೆತ್ತ ಎತ್ತುತ್ತಿದ್ದೆ. ಅಲ್ಲಿ ಅದು ತಪ್ಪಲ್ಲ, ಗುಡ್ಡಕ್ಕೆ ಕೊಡುವ ಮರ್ಯಾದೆ.

ಎರಡನೆಯ ವಾರದಲ್ಲಿ ಒಂದು ವಿಚಿತ್ರವಾಯಿತು. ಅವಳ ಮನೆಯ ಮೆಟ್ಟಿಲನ್ನು ನಾನು ಬಾಜೂದ ಕಂಬಿ ಹಿಡಿಯದೆ ಇಳಿದೆ. ಮೊಳಕಾಲು ನೋಯಲಿಲ್ಲ. ಮತ್ತೆ ಹತ್ತಿ ಇಳಿದೆ, ಆಗಲೂ ನೋಯಲಿಲ್ಲ. ಮಾರ್ಗರೆಟ್‌ಗೆ ಹೇಳಿದರೆ ಅವಳಿಗೇನೂ ಆಶ್ಚರ್ಯವಿಲ್ಲ. ನನಗೆ ತಿಳಿಯಲೆಂದು ನಿಧಾನವಾಗಿ, ಕೈಸನ್ನೆ ಮಾಡಿ ಹೇಳಿದಳು. ರಸ್ತೆಯಲ್ಲಿ ಸಾವಿರ ಹೆಜ್ಜೆ ಇಟ್ಟರೆ ಸಾವಿರವೂ ಒಂದೇ ಥರ, ಒಂದೇ ಎಲುಬಿನ ಒಂದೇ ಜಾಗಕ್ಕೆ ಪೆಟ್ಟು. ಗುಡ್ಡದಲ್ಲಿ ಒಂದು ಹೆಜ್ಜೆ ಕಲ್ಲಿನ ಮೇಲೆ, ಒಂದು ಹುಲ್ಲಿನ ಮೇಲೆ, ಒಂದು ಓರೆಯಾಗಿ, ಒಂದು ಉದ್ದಕ್ಕೆ. ಪೆಟ್ಟು ಹಂಚಿಹೋಗುತ್ತದೆ. ಪಾದದ ಕೀಲು, ತೊಡೆ, ಸೊಂಟ, ಕಾಲ್ಬೆರಳು ಎಲ್ಲ ಕೆಲಸ ಮಾಡುತ್ತವೆ, ಗಟ್ಟಿಯಾಗುತ್ತವೆ. ಕಣ್ಣು ನೆಲದ ಮೇಲೆ ಇರಲೇಬೇಕಾದ್ದರಿಂದ ತಲೆಯೊಳಗಿನ ಚಿಂತೆಗೆ ಜಾಗ ಸಾಲುವುದಿಲ್ಲ. ವೇಗ ಕಡಿಮೆ, ಅದು ಹೌದು. ಆದರೆ ವೇಗ ಕಳಕೊಂಡು ನಾನು ಹದಿನಾರು ವರ್ಷ ಗಳಿಸಿದೆ ಎಂದಳು.

ಅವಳ ಜೇಬಿನಲ್ಲಿ ನಮ್ಮ ಕರದಂಟು ಇರುತ್ತಿತ್ತು, ಸುಪಾರಿಯ ಹಾಗೆ ಸಣ್ಣಗೆ ಕತ್ತರಿಸಿದ್ದು. ನಮ್ಮ ಕಡೆ ಅಂಟು ಹಾಕಿದ ಉಂಡೆಯನ್ನು ಬಾಣಂತಿಯರ ಸೊಂಟ ಗಟ್ಟಿಯಾಗಲೆಂದು ಕೊಡುತ್ತೇವೆ ಎಂದಿದ್ದೆ; ಹಾಗಾದರೆ ನನಗೂ ಆಗುತ್ತದೆ ಎಂದು ಇಟ್ಟುಕೊಂಡಿದ್ದಳು. ಒಂದು ದಿನ ಗುಡ್ಡದ ತುದಿಯಲ್ಲಿ ಕುಂತು ಅದನ್ನು ಅಗಿಯುತ್ತಿದ್ದಾಗ ನಾನು ಕಸ್ತೂರಿಯ ಕಥೆ ಹೇಳಿದೆ. ಊರಲ್ಲಿ ಹೇಳುವ ಹಾಗೆಯೇ ಹೇಳಿದೆ. ಒಳ್ಳೆಯ ಓಟಗಾರ್ತಿ, ದುರ್ದೈವ, ಎಲುಬು ಗಟ್ಟಿ ಇರಲಿಲ್ಲ.

ಮಾರ್ಗರೆಟ್ ಒಂದೇ ಮಾತು ಕೇಳಿದಳು. ಆ ಹುಡುಗಿ ಏನು ಹೇಳುತ್ತಿದ್ದಳು?

ಆರು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಹೆಡ್‌ಮಾಸ್ತರರು ಕೇಳಿರಲಿಲ್ಲ, ಅವಳ ಸೋದರಮಾವ ಕೇಳಿರಲಿಲ್ಲ, ನಾನಂತೂ ಕೇಳಿಕೊಂಡಿರಲಿಲ್ಲ. ಉತ್ತರ ಮಾತ್ರ ಅಲ್ಲೇ, ನಿನ್ನೆ ಹೇಳಿದ ಹಾಗೆ ನೆನಪಿತ್ತು. ಎರಡನೆಯ ಕಲ್ಲಿನ ಹತ್ತಿರ ನಿಂತು ಕಾಲು ಒತ್ತಿಕೊಳ್ಳುತ್ತ ಹೇಳಿದ್ದಳು: "ಸರ, ಡಾಂಬರ್ ಮ್ಯಾಲ ನಳಿ ಎಲುಬು ಚುಚ್ಚತೈತ್ರಿ. ನಾ ಹೊಲದ ಬದುವಿನ ಮ್ಯಾಲ ಓಡ್ತೇನ್ರಿ. ಅಲ್ಲಿ ಎಷ್ಟ್ ಓಡಿದ್ರೂ ಏನೂ ಆಗೂದಿಲ್ರಿ." ನಾನು ಸೈಕಲ್ ಇಳಿಯದೆಯೇ ಉತ್ತರ ಕೊಟ್ಟಿದ್ದೆ: "ಬದುವಿನ ಮ್ಯಾಲ ಎಮ್ಮಿ ಓಡ್ತಾವ. ನಡಿ, ಟೈಮ್ ಹೊಂಟೈತಿ."

ಮಾರ್ಗರೆಟ್‌ಗೆ ಅದನ್ನು ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಎಮ್ಮೆಯ ಮಾತು ಬಿಟ್ಟು ಹೇಳಬೇಕೆಂದಿದ್ದೆ, ಅದನ್ನೂ ಹೇಳಿದೆ. ಅವಳು ಕರದಂಟಿನ ಇನ್ನೊಂದು ತುಂಡು ನನ್ನ ಕೈಗೆ ಕೊಟ್ಟು ಎದ್ದು ನಿಂತಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಹದಿನಾರರ ಹುಡುಗಿ ನಮ್ಮೂರ ಮಾತಿನಲ್ಲಿ ಹೇಳಿದ್ದನ್ನೇ ಬಿಳಿ ಮುದುಕಿ ಇಂಗ್ಲಿಷಿನಲ್ಲಿ ಹೇಳಿದಾಗ ನಾನು ತಲೆ ಅಲ್ಲಾಡಿಸಿ ಕೇಳಿದ್ದೆ. ಅವತ್ತು ಗುಡ್ಡ ಇಳಿಯುವಾಗ ಎಷ್ಟೋ ಸಲ ಮುಗ್ಗರಿಸಿದೆ. ಕಣ್ಣಲ್ಲಿ ನೀರಿತ್ತು, ನೆಲ ಕಾಣುತ್ತಿರಲಿಲ್ಲ.

ರವಿವಾರದ ಓಟ

ಕೊನೆಯ ರವಿವಾರ ಆ ಹಳ್ಳಿಯಲ್ಲಿ ಗುಡ್ಡ ಹತ್ತಿ ಇಳಿಯುವ ಪಂದ್ಯ. ದಾರಿಗೆ ಗೆರೆ ಹಾಕಿರಲಿಲ್ಲ, ತುದಿಯ ಕಲ್ಲುಗುಪ್ಪೆ ಮುಟ್ಟಿ ಬರಬೇಕು, ಯಾವ ಕಡೆಯಿಂದ ಎನ್ನುವುದು ಅವರವರ ಮರ್ಜಿ. ಕಟುಕ, ಸಾಲಿ ಮಾಸ್ತರಿಣಿ, ಮೊಮ್ಮಕ್ಕಳಿದ್ದ ಅಜ್ಜಂದಿರು, ಎಲ್ಲರೂ ಚಡ್ಡಿ ಹಾಕಿ ನಿಂತಿದ್ದರು. ನಾನೂ ನಿಂತೆ. ಇಳಿಯುವಾಗ ಅವರು ಕೈ ಅಗಲಿಸಿ, ದಾರ ಕಡಿದ ಗಾಳಿಪಟದ ಹಾಗೆ ಹೋದರು. ನಾನು ಹೆಜ್ಜೆ ಹೆಜ್ಜೆಗೂ ಬ್ರೇಕು ಹಾಕುತ್ತ, ಒಂದು ಹಳ್ಳದಲ್ಲಿ ಕುಂತು, ಎದ್ದು, ಎಲ್ಲರಿಗಿಂತ ಕೊನೆಗೆ ಬಂದೆ.

ಆ ಹೊತ್ತಿಗೆ ಎಲ್ಲರೂ ಚಹಾ ಕುಡಿದು ಮನೆಗೆ ಹೋಗಿರುತ್ತಾರೆ ಅಂದುಕೊಂಡಿದ್ದೆ. ಯಾರೂ ಹೋಗಿರಲಿಲ್ಲ. ಕೊನೆಯವನು ಬರುವ ತನಕ ಯಾರೂ ಹೋಗುವುದಿಲ್ಲವಂತೆ. ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ನಮ್ಮ ಮೈದಾನದಲ್ಲಿ ಕೊನೆಗೆ ಬಂದವರಿಗೆ ನಾನು ಇನ್ನೊಂದು ಸುತ್ತು ಹಾಕಿಸುತ್ತಿದ್ದೆ. ಇಪ್ಪತ್ತು ವರ್ಷ ಹಾಕಿಸಿದ್ದೇನೆ.

ಮರುದಿನ ಪೇಟೆಗೆ ಹೋಗಿ ಹಲ್ಲುತಳದ ಒಂದು ಜೋಡಿ ಬೂಟು ಕೊಂಡೆ. ನನಗಲ್ಲ. ಕಸ್ತೂರಿಗೆ ಕ್ಯಾನ್ವಾಸ್ ಬೂಟು ತಂದವನು ನಾನೇ ಆದ್ದರಿಂದ ನಂಬರು ಗೊತ್ತಿತ್ತು.

ಗೋಕಾಕ ಬಸ್ ಸ್ಟ್ಯಾಂಡು

ಊರಿಗೆ ಬಂದಾಗ ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು. ಹಳೆಯ ಕಲ್ಲುಗಳನ್ನು ಕಿತ್ತು ಹಾಕಿದ್ದರು. ಆ ನಾಲ್ಕನೆಯ ಕಲ್ಲು ಇದ್ದ ಜಾಗ ಯಾವುದೆಂದು ಹುಡುಕಿದೆ, ಸಿಗಲಿಲ್ಲ. ಸಾಲಿಗೆ ಹಾಜರಾದ ಮೇಲೆ ಮಕ್ಕಳನ್ನು ಡಾಂಬರು ಬಿಡಿಸಿ ಹೊಲದ ದಾರಿಗೆ, ಗುಡ್ಡಕ್ಕೆ ಒಯ್ಯತೊಡಗಿದೆ. ಪಾಲಕರು ನಕ್ಕರು, ಇಂಗ್ಲೆಂಡಿಗೆ ಹೋಗಿ ಬಂದು ಮಾಸ್ತರ ಕುರುಬರ ಕೆಲಸ ಕಲಿಸಾಕತ್ತಾರ ಎಂದರು. ಅನ್ನಲಿ ಬಿಡು. ಆ ವರ್ಷ ನಮ್ಮ ಒಂದು ಹುಡುಗಿಯೂ ಕಾಲು ನೋವೆಂದು ಕೂಡಲಿಲ್ಲ. ಆದರೆ ಹೇಳಬೇಕಾದ ಒಬ್ಬಳಿಗೆ ಇನ್ನೂ ಹೇಳಿರಲಿಲ್ಲ. ದಸರೆ ಬಂತು, ದೀಪಾವಳಿ ಹೋಯಿತು, ಬೂಟಿನ ಡಬ್ಬಿ ಕಪಾಟಿನ ಮೇಲೇ ಇತ್ತು.

ಕಸ್ತೂರಿ ಮೂಡಲಗಿಯ ಒಂದು ಸಣ್ಣ ಸಾಲಿಯಲ್ಲಿ ಕಲಿಸುತ್ತಾಳೆಂದು ಅವಳ ಸೋದರಮಾವನಿಂದ ತಿಳಿಯಿತು. ಒಂದು ದಿನ ರಜೆ ಹಾಕಿ ಹೊರಟೆ. ಗೋಕಾಕದಲ್ಲಿ ಬಸ್ಸು ಬದಲಿಸಬೇಕು. ಮೂಡಲಗಿಯ ಬಸ್ಸು ಬಂತು, ಚಹಾ ಮುಗಿಸಿ ಹೋಗೋಣ ಎಂದುಕೊಂಡೆ. ಅದು ಹೋಯಿತು. ಎರಡನೆಯದೂ ಹೋಯಿತು. ಲಂಡನ್ನಿನಲ್ಲಿ ನೆಲದಡಿಯ ರೈಲು ಹತ್ತಿ ಇಳಿದವನಿಗೆ ಮೂಡಲಗಿಯ ಬಸ್ಸು ಹತ್ತಲು ಧೈರ್ಯ ಸಾಲಲಿಲ್ಲ. ಮೂರನೆಯ ಬಸ್ಸಿನ ಕಂಡಕ್ಟರ "ಬರ್ತೀರೇನ್ರಿ ಕಾಕಾ, ಇಲ್ಲ ಇಲ್ಲೇ ಇರ್ತೀರಿ?" ಎಂದ. ಹತ್ತಿದೆ.

ಮೂಡಲಗಿ

ಸಾಲಿಯ ಅಂಗಳದ ಬೇವಿನ ಗಿಡದ ಕೆಳಗೆ ಕಸ್ತೂರಿ ನನಗೊಂದು ಕುರ್ಚಿ ತಂದು ಹಾಕಿದಳು, ತಾನು ಕಟ್ಟೆಯ ಮೇಲೆ ಕುಂತಳು. ನನ್ನ ಕಾಲಿಗೆ ನಮಸ್ಕಾರ ಮಾಡಿದ್ದಳು, ಅದು ಬೇಡವಾಗಿತ್ತು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಗುಡ್ಡ, ಕೆಸರು, ಪೆಟ್ಟು ಹಂಚಿಹೋಗುವುದು, ನನ್ನ ಮೊಳಕಾಲು, ಮಾರ್ಗರೆಟ್ ಕೇಳಿದ ಪ್ರಶ್ನೆ. ಕೊನೆಗೆ ಹೇಳಿದೆ: "ತಪ್ಪು ನಂದ ಐತಿ. ನಿನ್ನ ಎಲುಬಿಂದಲ್ಲ."

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿಸಿಕೊಂಡಳು. ಸಿಟ್ಟಾಗುತ್ತಾಳೆ ಅಥವಾ ಇರಲಿ ಬಿಡ್ರಿ ಎನ್ನುತ್ತಾಳೆ ಎಂದು ಎರಡಕ್ಕೂ ತಯಾರಾಗಿ ಹೋಗಿದ್ದೆ. ಎರಡೂ ಆಗಲಿಲ್ಲ.

"ಇದನ್ನ ತಿಳ್ಕೊಳ್ಳಾಕ ಅಷ್ಟು ದೂರ ಹೋಗಬೇಕಾತೇನ್ರಿ ಸರ?" ಎಂದಳು. "ನಾ ಹತ್ತರಗಿ ಒಳಗ ಹೇಳಿದ್ದೆ ಅಲ್ರಿ."

ಹೌದು ಎಂದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ನನ್ನಂಥವರಿಗಾಗಿಯೇ.

ಡಬ್ಬಿ ಕೊಟ್ಟೆ. ಬೂಟು ತೆಗೆದು ತಳದ ಹಲ್ಲುಗಳನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಕಾಲಿಗೆ ಹಾಕಲಿಲ್ಲ. ಮತ್ತೆ ಕಾಗದದಲ್ಲಿ ಸುತ್ತಿ ಒಳಗಿಟ್ಟು ಮುಚ್ಚಿದಳು. ಆಮೇಲೆ ಕೇಳಿದಳು.

"ಆ ಅಜ್ಜಿ ಈಗೂ ಓಡ್ತಾಳೇನ್ರಿ?"

"ಓಡ್ತಾಳ. ದಿನಾ."

"ವಯಸ್ಸ ಎಷ್ಟಂದ್ರಿ?"

"ಅರವತ್ತೆಂಟು."

ಅವಳು ತನ್ನ ಎಡಗಾಲಿನ ಕಡೆ ನೋಡಿದಳು.

"ನನಗ ಇಪ್ಪತ್ತೆರಡ್ರಿ ಸರ" ಎಂದಳು.

ಗಂಟೆ ಹೊಡೆಯಿತು. ಮಕ್ಕಳು ಕಾಯುತ್ತಾರೆ, ಹೋಗುತ್ತೇನೆ ಎಂದು ಎದ್ದಳು. ಗುರು ಕೊಟ್ಟದ್ದನ್ನು ಬಿಟ್ಟು ಹೋಗಬಾರದೆಂದೋ ಏನೋ, ಡಬ್ಬಿಯನ್ನು ಬಗಲಲ್ಲಿ ಇಟ್ಟುಕೊಂಡಳು. ಅಂಗಳ ದಾಟಿ ವರ್ಗದ ಬಾಗಿಲಿನವರೆಗೆ ಅವಳು ನಡೆದು ಹೋಗುವುದನ್ನು ಕುರ್ಚಿಯಲ್ಲಿ ಕುಂತು ನೋಡಿದೆ. ಎಡಗಾಲು ಇಡುವಾಗ ಒಂದು ಕ್ಷಣ ತಡೆಯುತ್ತಿದ್ದಳು. ಓಟವನ್ನು ಅವಳು ಮಮದಾಪುರದಿಂದ ತಂದಿದ್ದಳು. ಆ ನಡಿಗೆ ನಾನು ಕಲಿಸಿದ್ದು.